ಫೋನ್ ಎತ್ತುವವರ ಪಕ್ಕದ ಕುರ್ಚಿ

ನಾನು ಏನು ಕೆಲಸ ಮಾಡುತ್ತಿದ್ದೆ ಎಂದು ಯಾರಾದರೂ ಕೇಳಿದರೆ ನಮ್ಮ ಯಜಮಾನರು ಇವತ್ತಿಗೂ, "ಕಂಪ್ಯೂಟರ್‌ನಾಗ ಕೆಳಗಿದ್ದವರನ್ನ ಮ್ಯಾಲೆ ತರತಿದ್ಲು" ಎಂದು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಇಡೀ ಆಯುಷ್ಯ ಬ್ಯಾಂಕಿನಲ್ಲಿ ಕಳೆದವರಿಗೆ ಕಣ್ಣಿಗೆ ಕಾಣದ ಕೆಲಸ ಕೆಲಸವೇ ಅಲ್ಲ. ಆದರೂ ಅವರು ಹೇಳುವುದು ಪೂರ್ತಿ ತಪ್ಪೇನಲ್ಲ. ಜನ ಅಂತರ್ಜಾಲದಲ್ಲಿ ಏನಾದರೂ ಹುಡುಕಿದಾಗ ಉತ್ತರಗಳು ಒಂದರ ಕೆಳಗೊಂದು ಬರುತ್ತವಲ್ಲ, ಅಲ್ಲಿ ನಮ್ಮ ಗಿರಾಕಿಯ ವೆಬ್‌ಸೈಟ್ ಮೊದಲ ಪುಟದಲ್ಲೇ ಕಾಣುವ ಹಾಗೆ ಮಾಡುವುದು ನನ್ನ ಹೊಟ್ಟೆಪಾಡಾಗಿತ್ತು. ಎಲ್ಲರೂ ಅದನ್ನು ಎಸ್‌ಇಒ ಎನ್ನುತ್ತಾರೆ. ಈಗ ನಿವೃತ್ತಳಾಗಿ ಅಹಮದಾಬಾದಿನ ಮನೆಯಲ್ಲೇ ಕೂತಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ಬಂದು, "ಆಂಟಿ, ಯಾವ ಟೂಲ್ ಬಳಸಬೇಕು?" ಎಂದು ಕೇಳುತ್ತಾರೆ. ನನಗೆ ಸಿಟ್ಟು ಬರುತ್ತದೆ. ಟೂಲ್ ವರ್ಷಕ್ಕೊಂದು ಬರುತ್ತದೆ, ಹೋಗುತ್ತದೆ. ಅದನ್ನು ಬಿಟ್ಟು ಬೇರೆ ಏನಿದೆ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯವಳು. ಯಜಮಾನರಿಗೆ ಅಹಮದಾಬಾದಿಗೆ ವರ್ಗವಾದಾಗ ಇಂಗ್ಲಿಷ್ ಬಿಎ ಪದವಿಯನ್ನು ಟ್ರಂಕಿನ ತಳದಲ್ಲಿ ಇಟ್ಟುಕೊಂಡು ಹಿಂದೆ ಬಂದೆ. ಮಗಳು ಕಾಲೇಜು ಸೇರಿದ ಮೇಲೆ ಹೊತ್ತು ಹೋಗದೆ ವಸ್ತ್ರಾಪುರದಲ್ಲಿದ್ದ ಒಂದು ಸಣ್ಣ ವೆಬ್‌ಸೈಟ್ ಕಂಪನಿಗೆ ಇಂಗ್ಲಿಷ್ ಬರೆದುಕೊಡಲು ಹೋದೆ. ಕೆರೆಯ ಹತ್ತಿರ, ಕರಿದ ಕುರುಕಲು ತಿಂಡಿ ಮಾರುವ ಒಂದು ಫರ್ಸಾಣ್ ಅಂಗಡಿಯ ಮೇಲೆ ಎರಡು ಕೋಣೆ. ಕೆಳಗೆ ಗಾಂಠಿಯಾ ಕರಿಯುವ ವಾಸನೆ, ಮೇಲೆ ನಾವು. ಕಂಪನಿಯ ಒಡತಿ ದಕ್ಷಾಬೆನ್ ನನಗಿಂತ ಸ್ವಲ್ಪ ದೊಡ್ಡವರು. ಗುಜರಾತಿನಲ್ಲಿ ಹೆಂಗಸರ ಹೆಸರಿಗೆಲ್ಲ ಬೆನ್, ಅಂದರೆ ಅಕ್ಕ, ಎಂದು ಸೇರಿಸುತ್ತಾರೆ. ಅದಕ್ಕೂ ಮುಂಚೆ ಅವರು ದೂರವಾಣಿ ಇಲಾಖೆಯ ವಿಚಾರಣೆ ವಿಭಾಗದಲ್ಲಿ ಆಪರೇಟರ್ ಆಗಿದ್ದರು. ಯಾರದೋ ನಂಬರು ಬೇಕೆಂದು ಜನ ಫೋನ್ ಮಾಡಿದರೆ ಹುಡುಕಿ ಹೇಳುವ ಕೆಲಸ. ಅಲ್ಲಿಂದ ಸ್ವಯಂನಿವೃತ್ತಿ ಪಡೆದು ಈ ಕಂಪನಿ ಶುರುಮಾಡಿದ್ದರು.

ಸಂದರ್ಶನದಲ್ಲಿ ಅವರು ನನ್ನ ಪದವಿಯನ್ನು ನೋಡಲೇ ಇಲ್ಲ. "ನಿಮ್ಮ ಮನೆಯ ನಲ್ಲಿ ಸೋರುತ್ತಿದೆ. ಏನೆಂದು ಬರೆದು ಹುಡುಕುತ್ತೀರಿ?" ಎಂದು ಕೇಳಿದರು. ನಾನು ಠೀವಿಯಿಂದ, "ಅತ್ಯುತ್ತಮ ಪ್ಲಂಬಿಂಗ್ ಸೇವೆ" ಎಂದೆ.

"ಸುಳ್ಳು ಹೇಳ್ತೀರಿ ಶಾರದಾಬೆನ್. ನೆಲವೆಲ್ಲ ನೀರಾಗಿರುವಾಗ ಹಾಗೆ ಯಾರೂ ಹುಡುಕುವುದಿಲ್ಲ. ನಲ್ಲಿ ನಿಲ್ಲುತ್ತಿಲ್ಲ, ಏನು ಮಾಡಲಿ ಎಂದು ಹುಡುಕುತ್ತಾರೆ," ಎಂದರು ನಗುತ್ತ. ಹಿಂದಿ ಮತ್ತು ಗುಜರಾತಿ ಬೆರೆತ ಅವರ ಮಾತನ್ನು ನಾನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. "ವಿಚಾರಣೆಗೆ ಫೋನ್ ಮಾಡುವವರಿಗೆ ಅಂಗಡಿಯ ಹೆಸರು ಗೊತ್ತಿರಲಿಲ್ಲ. ತಮ್ಮ ತೊಂದರೆ ಮಾತ್ರ ಗೊತ್ತಿತ್ತು. ಈಗ ಕಂಪ್ಯೂಟರನ್ನು ಕೇಳುತ್ತಾರೆ, ಅಷ್ಟೇ ವ್ಯತ್ಯಾಸ."

ಅವರದೊಂದು ಪದ್ಧತಿ ಇತ್ತು. ಹೊಸ ಗಿರಾಕಿ ಬಂದರೆ ಅವನ ವೆಬ್‌ಸೈಟಿಗೆ ಒಂದಕ್ಷರ ಬರೆಯುವ ಮುಂಚೆ ಅವನ ಅಂಗಡಿಗೋ ಕಾರ್ಖಾನೆಗೋ ಹೋಗಿ, ಅಲ್ಲಿ ಫೋನ್ ಎತ್ತುವವರ ಪಕ್ಕ ಒಂದು ಕುರ್ಚಿ ಹಾಕಿಸಿಕೊಂಡು ಕೂರಬೇಕು. ಬಂದವರು ಏನು ಕೇಳುತ್ತಾರೆ, ಯಾವ ಮಾತಿನಲ್ಲಿ ಕೇಳುತ್ತಾರೆ ಎಂದು ಕೇಳಿಸಿಕೊಳ್ಳಬೇಕು. ಬೇರೆ ಕಂಪನಿಗಳ ಹುಡುಗರು ಎಸಿ ಕೋಣೆಯಲ್ಲಿ ಕೂತು ಮಾಡುತ್ತಿದ್ದ ಕೆಲಸಕ್ಕೆ ನಾವು ಬಸ್ಸು, ರೈಲು ಹತ್ತುತ್ತಿದ್ದೆವು. ಮೊದಮೊದಲು ನಾನು ಇದನ್ನು ಹುಚ್ಚು ಎಂದುಕೊಂಡಿದ್ದೆ.

ಆ ಹುಚ್ಚಿನ ಬೆಲೆ ಗೊತ್ತಾದದ್ದು ಸೂರತ್ತಿನಲ್ಲಿ. ಪಾಂಡೇಸರಾದ ಒಂದು ಡೈಯಿಂಗ್ ಮತ್ತು ಪ್ರಿಂಟಿಂಗ್ ಮಿಲ್ಲಿನ ಕೆಲಸ ಬಂತು. ದಕ್ಷಾಬೆನ್ ಜ್ವರದಲ್ಲಿ ಮಲಗಿದ್ದರು. ನಮ್ಮ ತಾಂತ್ರಿಕ ಕೆಲಸ ನೋಡುತ್ತಿದ್ದ ಮೆಹುಲ್ ಮತ್ತು ನಾನು ಸೇರಿ, ಸೂರತ್ ಎಂದರೆ ಸೀರೆ ಎಂದು ತೀರ್ಮಾನಿಸಿ, ಪುಟದ ಶೀರ್ಷಿಕೆಯಿಂದ ಹಿಡಿದು ಚಿತ್ರದ ಅಡಿಬರಹದವರೆಗೆ ಸೀರೆ, ಸೀರೆ ಎಂದು ತುಂಬಿದೆವು. ಕೆಲವೇ ವಾರಗಳಲ್ಲಿ ಮಿಲ್ಲು ಮೊದಲ ಪುಟಕ್ಕೆ ಬಂತು. ನಾವು ಪೇಡಾ ಹಂಚಿದೆವು. ಆ ಪೇಡಾ ಬಾಯಲ್ಲಿರುವಾಗಲೇ ಮಿಲ್ಲಿನ ಶೇಠ್ ಫೋನ್ ಮಾಡಿದರು.

"ಬೆನ್, ನನ್ನ ಮಿಲ್ಲಿಗೆ ಇಡೀ ದೇಶದ ಹೆಂಗಸರು ಫೋನ್ ಮಾಡುತ್ತಿದ್ದಾರೆ. ನಾದಿನಿ ಮದುವೆಗೆ ಗುಲಾಬಿ ಬಣ್ಣದ್ದು ಒಂದು ಸೀರೆ ತೋರಿಸಿ ಎನ್ನುತ್ತಾರೆ. ನಾನು ಸೀರೆ ಮಾರುವವನೇ ಅಲ್ಲವಲ್ಲ."

ನಿಜ. ಅವರದು ಜಾಬ್ ವರ್ಕ್. ವ್ಯಾಪಾರಿಗಳು ತಮ್ಮ ಬಿಳಿ ಬಟ್ಟೆ ತಂದುಕೊಟ್ಟರೆ ಬಣ್ಣ ಹಾಕಿ, ಪ್ರಿಂಟ್ ಮಾಡಿ ವಾಪಸು ಕೊಡುತ್ತಾರೆ. ಆ ಹೆಂಗಸರ ಕರೆಗಳ ನಡುವೆ ವ್ಯಾಪಾರಿಗಳಿಗೆ ಫೋನೇ ಸಿಗುತ್ತಿರಲಿಲ್ಲ. ಜ್ವರ ಬಿಟ್ಟೆದ್ದ ದಕ್ಷಾಬೆನ್ ನಮಗೆ ಬೈಯಲಿಲ್ಲ. ಇಬ್ಬರನ್ನೂ ರೈಲು ಹತ್ತಿಸಿ ಪಾಂಡೇಸರಾಕ್ಕೆ ಕರೆದುಕೊಂಡು ಹೋಗಿ ಫೋನಿನ ಪಕ್ಕ ಕೂರಿಸಿದರು. ಉಗಿ, ಬಣ್ಣದ ನೀರು, ಯಂತ್ರದ ಸದ್ದು. ನಡುವೆ ವ್ಯಾಪಾರಿಗಳು ಕೇಳುತ್ತಿದ್ದುದು ಎರಡೇ ಮಾತು: ಜಾರ್ಜೆಟ್ಟಿಗೆ ಪ್ರಿಂಟ್ ಹಾಕುತ್ತೀರಾ, ಸಣ್ಣ ಲಾಟ್ ತೆಗೆದುಕೊಳ್ಳುತ್ತೀರಾ. ವಾಪಸು ಬಂದು ಆ ಎರಡು ಪ್ರಶ್ನೆಗೆ ಎರಡು ಪುಟ ಬರೆದೆವು. ವೆಬ್‌ಸೈಟಿಗೆ ಬರುವವರ ಸಂಖ್ಯೆ ದೊಪ್ಪನೆ ಬಿತ್ತು, ಶೇಠ್ ಮಾತ್ರ ಖುಷಿಯಾದರು. ಹೊಸಬರೇ, ಜಾತ್ರೆಯಷ್ಟು ಜನ ಬಂದರೆ ವ್ಯಾಪಾರವಾಯಿತು ಎಂದುಕೊಳ್ಳಬೇಡಿ.

ಆ ಕಾಲದಲ್ಲಿ ನಮ್ಮ ಕಸುಬಿನಲ್ಲಿ ಕಳ್ಳದಾರಿಗಳೂ ಬೇಕಾದಷ್ಟಿದ್ದವು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನು ಸಾಲುಗಟ್ಟಲೆ ಬರೆದು ಅಡಗಿಸಿಡುವುದು ಒಂದು. ಓದುವವರಿಗೆ ಕಾಣದು, ಹುಡುಕುವ ಯಂತ್ರಕ್ಕೆ ಕಾಣುತ್ತದೆ. ಬೇರೆ ವೆಬ್‌ಸೈಟುಗಳಿಂದ ನಮ್ಮ ಸೈಟಿಗೆ ಕೊಂಡಿ ಹಾಕಿಸಲು ದುಡ್ಡು ಕೊಡುವುದು ಇನ್ನೊಂದು. ಕೊಂಡಿ ಹೆಚ್ಚಿದಷ್ಟೂ ಸೈಟು ಮೇಲೇರುತ್ತಿತ್ತು. ಎಲ್ಲರೂ ಮಾಡುತ್ತಿದ್ದರು, ದಕ್ಷಾಬೆನ್ ಮಾಡಲಿಲ್ಲ. "ಗೊತ್ತಿಲ್ಲದ ನಂಬರನ್ನು ಗೊತ್ತಿದೆ ಎಂದು ನಾನು ಯಾರಿಗೂ ಕೊಟ್ಟವಳಲ್ಲ" ಎನ್ನುತ್ತಿದ್ದರು. ಈ ಹಟಕ್ಕೆ ಗಿರಾಕಿಗಳು ಕೈಬಿಟ್ಟು ಹೋದಾಗ ನಾನೇ ಒಳಗೊಳಗೆ ಗೊಣಗಿದ್ದುಂಟು. ಆಮೇಲೆ ಹುಡುಕುವ ಯಂತ್ರದವರು ನಿಯಮ ಬಿಗಿ ಮಾಡಿದರು. ಕಳ್ಳದಾರಿಯಲ್ಲಿ ಮೇಲೆ ಹೋದವರು ರಾತ್ರಿ ಬೆಳಗಾಗುವುದರೊಳಗೆ ಕಾಣೆಯಾದರು. ನಾವು ಇದ್ದಲ್ಲೇ ಇದ್ದೆವು. ದಕ್ಷಾಬೆನ್ ಅದನ್ನು ದೊಡ್ಡದು ಮಾಡಿ ಹೇಳಿಕೊಳ್ಳಲಿಲ್ಲ, ಎಲ್ಲರಿಗೂ ಚಹಾ ತರಿಸಿ ಕೆಲಸಕ್ಕೆ ಕೂತರು. ಆ ಹೆಂಗಸಿನ ಮೇಲೆ ನನಗಿರುವ ಗೌರವ ಅವತ್ತು ಹುಟ್ಟಿದ್ದು.

ಇಷ್ಟೆಲ್ಲ ಹೇಳಿದ್ದು ವಡೋದರಾದ ಭಟ್ಟರ ವಿಷಯಕ್ಕೆ ಬರಲು.

ವಾಸುದೇವ ಭಟ್ಟರು ಉಡುಪಿಯವರು. ವಡೋದರಾ ರೈಲು ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಅವರ ಹೋಟೆಲು. ನಮ್ಮ ಯಜಮಾನರು ವಡೋದರಾ ಶಾಖೆಯಲ್ಲಿದ್ದಾಗ ದಿನಾ ಅಲ್ಲೇ ತಿಂಡಿ ತಿನ್ನುತ್ತಿದ್ದರು. ಒಂದು ಬೇಸಗೆಯಲ್ಲಿ ಹೋಟೆಲಿನ ಎದುರಿನ ರಸ್ತೆಯನ್ನು ಮೇಲ್ಸೇತುವೆಗೆಂದು ಅಗೆದು ತಗಡು ಹೊಡೆದರು. ಗಾಡಿಗಳು ನಿಂತವು, ಗಿರಾಕಿಗಳೂ ನಿಂತರು. ಭಟ್ಟರು ಕೆಲವು ತಿಂಗಳು ತಳ್ಳಿ ನೋಡಿ, ಆ ಜಾಗವನ್ನು ಮೊಬೈಲ್ ಅಂಗಡಿಯವನಿಗೆ ಬಿಟ್ಟುಕೊಡಲು ಮಾಲೀಕರ ಹತ್ತಿರ ಒಪ್ಪಿಕೊಂಡುಬಿಟ್ಟಿದ್ದರು. ಚೌತಿ ಕಳೆದ ಮಾರನೆಯ ದಿನ ಬೀಗದ ಕೈ ಕೊಡುವುದೆಂದು ಮಾತಾಗಿತ್ತು. ಗಂಡ ಹೆಂಡತಿ ಹರೆಯದಿಂದ ನಡೆಸಿಕೊಂಡು ಬಂದ ಹೋಟೆಲು, ಊರಿನಿಂದಲೇ ಬಂದ ಅಡುಗೆಯವರು, ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. "ನೀ ಏನರ ಮಾಡಾಕ ಆಗ್ತದೇನ ನೋಡು" ಎಂದು ಯಜಮಾನರು ನನ್ನನ್ನು ಕಳಿಸಿದರು. ದಕ್ಷಾಬೆನ್ ಕೇಳಿದ ತಕ್ಷಣ ಒಪ್ಪಿದರು. ನಾನು ಬೆಳಗಿನ ರೈಲಿನಲ್ಲಿ ಹೋಗಿ ಭಟ್ಟರ ಗಲ್ಲಾಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ.

ಭಟ್ಟರು ಬೇಸರದಿಂದಲೇ, "ಇದ್ದ ವೆಬ್‌ಸೈಟಿನಿಂದಲೇ ಏನೂ ಆಗ್ಲಿಲ್ಲ ಅಕ್ಕ. ಎಂತ ಮಾಡ್ಲಿಕ್ಕುಂಟು ಇನ್ನು?" ಎಂದರು. ಅವರ ಸೈಟಿನಲ್ಲಿ ಇದ್ದದ್ದು ಎಲ್ಲರ ಸೈಟಿನಲ್ಲಿ ಇರುವಂಥದ್ದೇ. ಶುದ್ಧ ಸಸ್ಯಾಹಾರಿ, ರುಚಿಕರ ದಕ್ಷಿಣ ಭಾರತೀಯ ತಿಂಡಿ, ಈರುಳ್ಳಿ ಉತ್ತಪ್ಪ ನಮ್ಮ ವಿಶೇಷ. ಹುಡುಕಿದರೆ ಅಂಥವು ಬುಟ್ಟಿಗಟ್ಟಲೆ ಸಿಗುತ್ತವೆ. ಇವರದು ಎಲ್ಲೋ ತಳದಲ್ಲಿತ್ತು.

ಫೋನು ಅಪರೂಪಕ್ಕೆ ರಿಂಗಾಗುತ್ತಿತ್ತು. ಭಟ್ಟರು ಎತ್ತುವುದು, "ನಹೀ, ನಹೀ ಹೈ" ಎನ್ನುವುದು, ಇಡುವುದು. ಮಧ್ಯಾಹ್ನದೊಳಗೆ ಇದು ನಾಲ್ಕಾರು ಸಲ ಆಯಿತು.

"ಅಲ್ರೀ ಭಟ್ರ, ಅವರು ಏನ ಕೇಳ್ತಾರ, ನೀವು ಏನ ಇಲ್ಲಂತೀರಿ?" ಎಂದೆ.

"ಅದು ದಿನಾ ಇರುವ ಕಿರಿಕಿರಿ ಅಕ್ಕ. ಜೈನ್ ಉಂಟಾ, ಜೈನ್ ಉಂಟಾ ಅಂತ ಕೇಳ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಯಾವುದೂ ಆಗುದಿಲ್ಲ ಅವರಿಗೆ. ಈರುಳ್ಳಿ ಹಾಕದ್ರೆ ಅದನ್ನು ಹೋಟೆಲ್ ಸಾಂಬಾರು ಅಂತ ಹೇಳ್ತಾರಾ?"

ಊಟಕ್ಕೆ ಮೇಲಿನ ಮನೆಗೆ ಕರೆದರು. ಅವರ ಹೆಂಡತಿ ಸುಶೀಲಮ್ಮ ಬಡಿಸಿದರು. ಹೆಸರುಬೇಳೆ ತೊವ್ವೆ, ಕಾಳುಮೆಣಸು ಜೀರಿಗೆಯ ಸಾರು, ಒಣ ಮಾವಿನ ಹುಳಿ ಬಿಟ್ಟ ಒಂದು ಗೊಜ್ಜು. ಉಣ್ಣುತ್ತ ಉಣ್ಣುತ್ತ ನನ್ನ ಕೈ ನಿಂತಿತು. ಎಲೆಯಲ್ಲಿ ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಒಂದು ಎಳೆ ಸೊಪ್ಪೂ ಇಲ್ಲ. ಕೇಳಿದರೆ ಸುಶೀಲಮ್ಮ, "ಮನೆಯೊಳಗೆ ನಾವು ನೀರುಳ್ಳಿ ತರುದಿಲ್ಲ. ಚಾತುರ್ಮಾಸ ಬಂತಲ್ಲ, ಈ ತಿಂಗಳು ತರಕಾರಿಯೂ ಇಲ್ಲ. ನಮ್ಮಲ್ಲಿ ಅದು ಮೊದಲಿಂದ ಹಾಗೆಯೇ" ಎಂದರು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅದನ್ನು ನಾನು ಎಲೆಯ ಮೇಲೆಯೇ ಕಂಡೆ. ಜೈನರಿಗೂ ಅದೇ ನಾಲ್ಕು ತಿಂಗಳು ಚೌಮಾಸ. ಭಾದ್ರಪದದ ಚೌತಿಯ ಹೊತ್ತಿಗೆ ಅವರ ಎಂಟು ದಿನದ ವ್ರತದ ಹಬ್ಬ ಪರ್ಯುಷಣ ಮುಗಿಯುತ್ತದೆ. ಆ ದಿನಗಳಲ್ಲಿ ಅವರು ಹಸಿರು ತರಕಾರಿಯನ್ನೂ ಮುಟ್ಟುವುದಿಲ್ಲ. ಊರವರಿಗೆ ಬೇಕಾದ ಅಡುಗೆ ಈ ಮನೆಯಲ್ಲಿ ದಿನಾ ಆಗುತ್ತಿತ್ತು. ಭಟ್ಟರು ಅದನ್ನು ಮೇಲಿಟ್ಟು, ಪೇಟೆಗೆ ಈರುಳ್ಳಿಯೇ ಬೇಕೆಂದು ತಾವಾಗಿಯೇ ನಂಬಿಕೊಂಡು, ಕೆಳಗೆ ಕೂತು ಇಲ್ಲ, ಇಲ್ಲ ಎನ್ನುತ್ತಿದ್ದರು.

ನಾನು ಹಿಗ್ಗಿನಿಂದ ಹಾರುತ್ತ ಅಹಮದಾಬಾದಿಗೆ ಬಂದು ಒಂದೇ ಉಸಿರಿನಲ್ಲಿ ಪುಟ ಬರೆದೆ. ವಡೋದರಾದಲ್ಲಿ ಜೈನ್ ಸಾಂಬಾರ್, ಜೈನ್ ಇಡ್ಲಿ, ಜೈನ್ ದೋಸೆ, ಪರ್ಯುಷಣದ ಊಟ. ಹೊಸ ಪುಟ ಹುಡುಕಾಟದಲ್ಲಿ ಮೇಲೆ ಬರಲು ವಾರಗಳೇ ಬೇಕು, ಚೌತಿ ಹತ್ತಿರ ಬರುತ್ತಿತ್ತು. ಇವತ್ತೇ ಹಾಕಿಬಿಡೋಣ ಎಂದೆ. ದಕ್ಷಾಬೆನ್ ಓದಿ ಕನ್ನಡಕ ತೆಗೆದಿಟ್ಟರು.

"ಈರುಳ್ಳಿ ರುಬ್ಬುವ ಗ್ರೈಂಡರಿನಲ್ಲೇ ಇದನ್ನೂ ರುಬ್ಬುತ್ತಾರಾ? ಇಡ್ಲಿ ಹಿಟ್ಟು ಹಿಂದಿನ ದಿನದ್ದಲ್ಲವೇ? ಕಟ್ಟುನಿಟ್ಟಿನ ಜೈನರು ರಾತ್ರಿ ಕಳೆದ ಹಿಟ್ಟು ತಿನ್ನುವುದಿಲ್ಲ, ಸೂರ್ಯ ಮುಳುಗಿದ ಮೇಲೆ ಉಣ್ಣುವುದೂ ಇಲ್ಲ. ನಿನ್ನ ಪುಟ ನಂಬಿ ವ್ರತದಲ್ಲಿರುವ ಒಬ್ಬ ಮುದುಕಿ ಬಂದು ತಿಂದರೆ ಅವಳ ವ್ರತಕ್ಕೆ ಯಾರು ಹೊಣೆ?"

"ಅದನ್ನೆಲ್ಲ ಸರಿಮಾಡೂದ್ರಾಗ ಹೋಟೆಲ್ಲೇ ಇರೂದಿಲ್ಲ ಬೆನ್," ಎಂದೆ ನಾನು ಸಿಟ್ಟಿನಿಂದ.

"ಇಲ್ಲದಿದ್ದರೆ ಇಲ್ಲ. ಇಲ್ಲದ್ದನ್ನು ಇದೆ ಎಂದು ನಾವು ಹಾಕುವುದಿಲ್ಲ," ಎಂದವರು ಮರುದಿನ ನನ್ನ ಜೊತೆಗೆ ತಾವೇ ರೈಲು ಹತ್ತಿದರು.

ಅಡುಗೆಮನೆಯಲ್ಲಿ ಅವರು ಗ್ರೈಂಡರು, ಬಾಣಲೆ, ಒಗ್ಗರಣೆ ಸೌಟು ಎಲ್ಲವನ್ನೂ ಎತ್ತಿ ನೋಡುತ್ತಿದ್ದರೆ ಭಟ್ಟರ ಮುಖ ಕೆಂಪಾಯಿತು. "ಅಕ್ಕ, ಇವರು ವೆಬ್‌ಸೈಟ್ ಮಾಡ್ಲಿಕ್ಕೆ ಬಂದದ್ದಾ, ನನ್ನ ಪಾತ್ರೆ ನೋಡ್ಲಿಕ್ಕೆ ಬಂದದ್ದಾ?" ಎಂದು ನನ್ನನ್ನು ಕೇಳಿದರು. ಎರಡೂ ಒಂದೇ ಎಂದು ಅವರಿಗೆ ಹೇಗೆ ವಿವರಿಸಲಿ? ದಕ್ಷಾಬೆನ್ ಶಾಂತವಾಗಿ, ಎರಡು ಅಡುಗೆಮನೆ ಮಾಡಿ, ಇಲ್ಲವೇ ಈರುಳ್ಳಿಯನ್ನು ಪೂರ್ತಿ ಬಿಡಿ ಎಂದರು. ಎರಡು ಅಡುಗೆಮನೆಗೆ ಜಾಗವಿರಲಿಲ್ಲ. ಉಳಿದಿದ್ದ ನಾಲ್ಕು ಗಿರಾಕಿಗಳೂ ಬರುತ್ತಿದ್ದುದು ಈರುಳ್ಳಿ ಉತ್ತಪ್ಪಕ್ಕೆ.

"ಇದ್ದದ್ದನ್ನೂ ಕಳಕೊಳ್ಳುದು ಬೇಡ," ಎಂದರು ಭಟ್ಟರು.

ಬಾಗಿಲಲ್ಲಿ ನಿಂತಿದ್ದ ಸುಶೀಲಮ್ಮ, "ಚೌತಿಗೆ ಬೀಗ ಹಾಕುದೇ ಆದ್ರೆ ಇನ್ನೆಂತ ಕಳಕೊಳ್ಳುದು? ನಾವು ಉಣ್ಣುವುದನ್ನು ಒಂದು ಸರ್ತಿ ಬಂದವರಿಗೆ ಬಡಿಸಿ ನೋಡುವ. ಹಿಟ್ಟು ಹುಳಿ ಬರುದು ಬೇಡ ಅಂದ್ರೆ ನೀರುದೋಸೆ ಉಂಟಲ್ಲ. ಬೆಳಿಗ್ಗೆ ಅಕ್ಕಿ ನೆನೆಹಾಕಿ, ಮಧ್ಯಾಹ್ನ ರುಬ್ಬಿ, ಆಗಲೇ ಹೊಯ್ಯುದು" ಎಂದರು. ಭಟ್ಟರು ಅಡುಗೆಯವರನ್ನು ಕರೆದು ಈರುಳ್ಳಿ ಮೂಟೆಯನ್ನು ಹೊರಗಿಡಿ ಎಂದರು, ಹಳೆಯ ಗ್ರೈಂಡರನ್ನೂ ಬದಲಾಯಿಸಿದರು. ಚೌಮಾಸದಲ್ಲಿ ಸೊಪ್ಪು ಆಗದೆಂದು ಕರಿಬೇವನ್ನೂ ಬಿಟ್ಟ ಒಗ್ಗರಣೆಗೆ ಮಾತ್ರ ಅಡುಗೆಯವರು ವಾರವಿಡೀ ಮುಖ ಸಿಂಡರಿಸಿದರು.

ಪುಟವನ್ನು ನಾನು ಮತ್ತೆ ಬರೆದೆ. ಈ ಸಲ ದಕ್ಷಾಬೆನ್ ಹೇಳಿದ ಹಾಗೆ, ಏನು ಇಲ್ಲ ಎಂಬುದನ್ನೂ ಬರೆದೆ. ನಮ್ಮ ಇಡ್ಲಿ, ದೋಸೆಯ ಹಿಟ್ಟು ಹಿಂದಿನ ದಿನ ರುಬ್ಬಿದ್ದು, ಅದು ಆಗದವರಿಗೆ ಅಂದೇ ನೆನೆಸಿ ಅಂದೇ ರುಬ್ಬಿದ ನೀರುದೋಸೆ, ಬೆಲ್ಲ, ತುಪ್ಪ. ಪರ್ಯುಷಣದಲ್ಲಿ ಸೊಪ್ಪು ತರಕಾರಿ ಇಲ್ಲ. ಸಂಜೆಯ ಊಟ ಸೂರ್ಯಾಸ್ತದೊಳಗೆ. ಒಂದೊಂದು ಪ್ರಶ್ನೆಗೆ ಒಂದೊಂದು ತಲೆಬರಹ, ಗುಜರಾತಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ. ಮೆಹುಲ್ ನಕ್ಷೆಯಲ್ಲಿ ಹೋಟೆಲಿನ ಗುರುತನ್ನು ಸರಿಪಡಿಸಿ, ರಸ್ತೆ ಅಗೆದಿದ್ದರಿಂದ ಹಿಂದಿನ ಗಲ್ಲಿಯಿಂದ ಬರುವ ದಾರಿಯನ್ನು ತಿರುವು ತಿರುವಿಗೂ ಫೋಟೊ ಹಿಡಿದು ಹಾಕಿದ. ಮೊಬೈಲಿನಲ್ಲಿ ಬೇಗ ತೆರೆಯಲೆಂದು ಫೋಟೊಗಳನ್ನು ಹಗುರ ಮಾಡಿದ. ನಾವು ಮಾಡಿದ್ದು ಇಷ್ಟೇ, ಇದರಲ್ಲಿ ಮಂತ್ರವೂ ಇಲ್ಲ, ಮಾಯವೂ ಇಲ್ಲ.

ಆಮೇಲಿನ ದಿನಗಳು ಕೆಟ್ಟವು. ಉತ್ತಪ್ಪದವರು ಬರುವುದು ನಿಲ್ಲಿಸಿದರು, ಹೊಸಬರು ಬರಲಿಲ್ಲ. ಮಳೆ ಹಿಡಿದು ಹೋಟೆಲಿನ ಮುಂದೆ ಕೆಸರು. ಬೆಳಿಗ್ಗೆ ಎದ್ದ ಕೂಡಲೇ ನಾನು ಹುಡುಕಿ ನೋಡುತ್ತಿದ್ದೆ. ಐದನೇ ಪುಟ, ನಾಲ್ಕನೇ ಪುಟ. ಭಟ್ಟರಿಗೆ ಫೋನ್ ಮಾಡಲು ನನಗೆ ಧೈರ್ಯವಿರಲಿಲ್ಲ. ಅವರ ಈರುಳ್ಳಿಯನ್ನು ಬಿಡಿಸಿದವರು ನಾವು ಎಂಬ ಭಯ ನನ್ನನ್ನು ತಿನ್ನುತ್ತಿತ್ತು. ದಕ್ಷಾಬೆನ್ ಮಾತ್ರ, "ಕೇಳುವವರು ಇದ್ದಾರೆ, ಕೇಳುತ್ತಾರೆ" ಎನ್ನುತ್ತಿದ್ದರು.

ಪರ್ಯುಷಣಕ್ಕೆ ಇನ್ನೇನು ವಾರವಿದೆ ಎನ್ನುವಾಗ ಭಟ್ಟರೇ ಫೋನ್ ಮಾಡಿದರು. ಧ್ವನಿ ತಗ್ಗಿಸಿ, "ಅಕ್ಕ, ಈಗ ಯಾರೂ ಜೈನ್ ಉಂಟಾ ಅಂತ ಕೇಳುದಿಲ್ಲ. ಗಲ್ಲಿ ಯಾವ ಕಡೆಯಿಂದ ಅಂತ ಕೇಳ್ತಾರೆ" ಎಂದರು. ನಾನು ಹುಡುಕಿ ನೋಡಿದೆ. ಮೊದಲ ಪುಟದಲ್ಲಿ, ಮೇಲಿನಿಂದ ಮೂರನೆಯದು. ಮುಂದಿನ ದಿನಗಳಲ್ಲಿ ಸೂರ್ಯಾಸ್ತದ ಮುಂಚಿನ ಹೊತ್ತಿಗೆ ಕೆಸರು ದಾಟಿ ಕುಟುಂಬ ಕುಟುಂಬಗಳೇ ಬಂದವು. ನೀರುದೋಸೆಯನ್ನು ಕರವಸ್ತ್ರದ ಹಾಗೆ ಬಿಡಿಸಿ ನೋಡಿ, ಇದನ್ನು ಇಷ್ಟು ದಿನ ಎಲ್ಲಿ ಇಟ್ಟಿದ್ದಿರಿ ಎಂದು ಕೇಳಿದರಂತೆ. ಆದರೂ ಬೀಗದ ಕೈಯ ಮಾತು ಹಾಗೇ ಇತ್ತು. ಹಬ್ಬದ ಗದ್ದಲ ನಾಲ್ಕು ದಿನದ್ದು, ಅದನ್ನು ನಂಬಿ ಆಡಿದ ಮಾತು ಮುರಿಯಲು ಭಟ್ಟರಿಗೆ ಮನಸ್ಸಿರಲಿಲ್ಲ.

ಚೌತಿಯ ಮಾರನೆಯ ಬೆಳಿಗ್ಗೆ ದಕ್ಷಾಬೆನ್ ಮತ್ತು ನಾನು ಅಲ್ಲಿದ್ದೆವು. ಬೀಗ ಹಾಕುವುದೇ ಆದರೆ ಆ ಹೊತ್ತಿಗೆ ಜೊತೆಗಿರಬೇಕು ಎಂದು ದಕ್ಷಾಬೆನ್ ಹೇಳಿದ್ದರು. ಹೋಟೆಲಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಒಂದೇ ಕುಟುಂಬ. ಆ ಮನೆಯ ಅಜ್ಜಿ ಪರ್ಯುಷಣದ ಎಂಟೂ ದಿನ ಕಾಯಿಸಿದ ನೀರು ಬಿಟ್ಟು ಬೇರೇನೂ ಮುಟ್ಟದೆ ಉಪವಾಸ ಮಾಡಿದ್ದರು. ಸೊಸೆಯೂ ಮಾಡಿದ್ದಳು. ಮನೆಯಲ್ಲಿ ಉಳಿದವರು ಗಂಡಸರು, ಅವರಿಗೆ ಒಲೆ ಹಚ್ಚಲೂ ಬಾರದು. ಅಷ್ಟು ದೊಡ್ಡ ಉಪವಾಸದ ಪಾರಣೆಯನ್ನು ಇಲ್ಲಿಯೇ ಮಾಡಿಸಿಕೊಡುತ್ತೀರಾ ಎಂದು ಅವರು ಹಿಂದಿನ ದಿನ ಕೇಳಿದ್ದರು. ದ್ವಾದಶಿಯ ಪಾರಣೆ ಮಾಡಿ ಬೆಳೆದ ಸುಶೀಲಮ್ಮನಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವರು ಬೆಳಿಗ್ಗೆ ಸ್ನಾನ ಮಾಡಿ, ಹೆಸರುಬೇಳೆ ಬೇಯಿಸಿ, ತಿಳಿಯನ್ನು ಬಸಿದು, ಕಾಳುಮೆಣಸು ಹಾಕಿ ತಂದಿದ್ದರು.

ಅವರ ಪದ್ಧತಿಯಂತೆ ಮನೆಯವರು ಒಬ್ಬೊಬ್ಬರಾಗಿ ಅಜ್ಜಿಗೆ ಒಂದೊಂದು ಚಮಚ ಕುಡಿಸಿದರು. ಎಲ್ಲರದೂ ಆದ ಮೇಲೆ ಅಜ್ಜಿ ಸುಶೀಲಮ್ಮನ ಕಡೆ ನೋಡಿ, ಮಾಡಿದ ಕೈಯಿಂದಲೂ ಒಂದು ಬರಲಿ ಎಂದರು. ಸುಶೀಲಮ್ಮ ಸೆರಗಿಗೆ ಕೈ ಒರೆಸಿಕೊಂಡು ಚಮಚ ಎತ್ತಿ ಕುಡಿಸಿದರು. ನನ್ನ ಕಣ್ಣು ತುಂಬಿತ್ತು. ಪಕ್ಕದಲ್ಲಿ ದಕ್ಷಾಬೆನ್ ಕೈ ಮುಗಿದು ನಿಂತಿದ್ದರು.

ಅಷ್ಟರಲ್ಲಿ ಮೊಬೈಲ್ ಅಂಗಡಿಯವನು ಅಳತೆಯ ಟೇಪು ಹಿಡಿದು ಬಾಗಿಲಿಗೆ ಬಂದ. ಭಟ್ಟರು ಹೊರಗೆ ಹೋಗಿ ಹಿಂದಿಯಲ್ಲಿ, "ಇವತ್ತು ಆಗುವುದಿಲ್ಲ, ಒಳಗೆ ಪಾರಣೆ ನಡೆಯುತ್ತಿದೆ" ಎಂದರು.

"ಹಾಗಾದರೆ ನಾಳೆ ಬರಲೇ?" ಎಂದು ಅವನು ಕೇಳಿದ.

ಭಟ್ಟರು ತಿರುಗಿ ಹೆಂಡತಿಯ ಮುಖ ನೋಡಿದರು. ಸುಶೀಲಮ್ಮ ಚಮಚವನ್ನು ಬಟ್ಟಲಲ್ಲಿಟ್ಟು ಕನ್ನಡದಲ್ಲೇ, "ನಾಳೆಯೂ ಬರುದು ಬೇಡ ಅಂತ ಹೇಳಿ. ಮಾಲೀಕರ ಹತ್ತಿರ ನಾನು ಮಾತಾಡ್ತೇನೆ" ಎಂದರು. ಭಟ್ಟರು ಅವನಿಗೆ ಅದನ್ನು ಹಿಂದಿಯಲ್ಲಿ ಹೇಳಿ, ಒಳಗೆ ಬಂದು ತಿಂಡಿ ತಿಂದು ಹೋಗು ಎಂದು ಕೈ ಹಿಡಿದು ಕರೆತಂದರು.